ಮಾತ್ರೆ ತಪ್ಪದಿರಲಿ, ಮದ್ಯ ತಗ್ಗಲಿ



ಮದ್ಯಪಾನದ ಕೇಡನ್ನು ಕುರಿತು ಓದುಗರು ಅನೇಕ ಬಾರಿ ಓದಿದ್ದಾರೆ, ಎಚ್.ಐ.ವಿ. ಸೋಂಕಿನ ಬಗೆಗೂ ಕೇಳಿ ಬಲ್ಲರು. ಆದರೆ ಇವೆರಡೂ ಒಬ್ಬನೇ ಮನುಷ್ಯನಲ್ಲಿ ಕೂಡಿದಾಗ ಅವನಿಗೆ ಹೇಗೆ ನೆರವಾಗಬೇಕೆಂಬ ಮಾತು ನಮ್ಮ ಸಮಾಜದಲ್ಲಿ ಅಪರೂಪ. ಎರಡಕ್ಕೂ ಕಳಂಕ ಅಂಟಿಕೊಂಡಿರುವುದರಿಂದ ರೋಗಿಯೂ ಬಾಯಿ ಬಿಡುವುದಿಲ್ಲ, ಮನೆಯವರೂ ಬಿಡುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ದೀರ್ಘಕಾಲ ವೈದ್ಯವೃತ್ತಿ ನಡೆಸಿದ ನಾವು ಈ ಮೌನದಿಂದಲೇ ಹೆಚ್ಚು ಹಾನಿಯಾಗುತ್ತಿದೆಯೆಂದು ತಿಳಿದು ಈ ಲೇಖನವನ್ನು ಬರೆಯುತ್ತಿದ್ದೇವೆ.

1986ರಲ್ಲಿ ಚೆನ್ನೈಯಲ್ಲಿ ದೇಶದ ಮೊದಲ ಸೋಂಕಿತರು ಪತ್ತೆಯಾದಾಗ ಈ ವ್ಯಾಧಿಗೆ ಮದ್ದಿರಲಿಲ್ಲ. ಇಂದು ಸ್ಥಿತಿ ಬೇರೆ. 2004ರ ಏಪ್ರಿಲ್‌ನಿಂದ ಸರಕಾರವು ಎ.ಆರ್.ಟಿ. ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ ಸೋಂಕು ದೃಢಪಟ್ಟ ಪ್ರತಿಯೊಬ್ಬರಿಗೂ ಚಿಕಿತ್ಸೆ ಆರಂಭಿಸುವ ನೀತಿ ಜಾರಿಯಲ್ಲಿದೆ. ಬಹುಪಾಲು ವಯಸ್ಕರಿಗೆ ಮೂರು ಔಷಧಗಳು ಕೂಡಿದ ಒಂದೇ ಮಾತ್ರೆ, ದಿನಕ್ಕೊಮ್ಮೆ. ಅದನ್ನು ತಪ್ಪದೆ ಸೇವಿಸಿದವರ ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಅದು ಹಾಗೆಯೇ ಇಳಿದಿರುವವರೆಗೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಅಂಥವರು ದುಡಿದು, ಮಕ್ಕಳನ್ನು ಓದಿಸಿ, ಮೊಮ್ಮಕ್ಕಳನ್ನು ಕಾಣಬಲ್ಲರು. ಮಾತ್ರೆಯನ್ನು ಆಗಾಗ ಬಿಟ್ಟರೆ ವೈರಾಣು ಮತ್ತೆ ತಲೆಯೆತ್ತುತ್ತದೆ, ಔಷಧಕ್ಕೆ ಜಗ್ಗದ ಗುಣವನ್ನೂ ಪಡೆಯಬಹುದು. ಗಂಡಸರಲ್ಲಿ ಮಾತ್ರೆ ತಪ್ಪುವುದಕ್ಕೆ ಒಂದು ದೊಡ್ಡ ಕಾರಣ ಮದ್ಯ.

ಮದ್ಯವು ಹಲವು ದಾರಿಗಳಿಂದ ಕೆಡುಕು ಮಾಡುತ್ತದೆ. ಕುಡಿದ ರಾತ್ರಿ ಮಾತ್ರೆ ಮರೆತುಹೋಗುತ್ತದೆ. ಆಸ್ಪತ್ರೆಗೆ ಹೋಗಬೇಕಾದ ದಿನದ ಬಸ್ಸಿನ ದುಡ್ಡು ಅಂಗಡಿಯ ಪಾಲಾಗುತ್ತದೆ. ಯಕೃತ್ತು ದುರ್ಬಲವಾಗುತ್ತದೆ, ಹೆಪಟೈಟಿಸ್ ಬಿ ಇದ್ದವರಲ್ಲಂತೂ ಬಲು ಬೇಗ. ಎಚ್.ಐ.ವಿ. ಸೋಂಕಿತರನ್ನು ಕ್ಷಯವು ಬೇಗ ಹಿಡಿಯುವುದರಿಂದ ಅದನ್ನು ತಡೆಯಲು ಐಸೋನಿಯಜಿಡ್ ಎಂಬ ಔಷಧವನ್ನು ಕೊಡುತ್ತಾರೆ. ಅದರೊಡನೆ ಮದ್ಯ ಸೇರಿದರೆ ಯಕೃತ್ತಿಗೆ ಇಮ್ಮಡಿ ಅಪಾಯ. ಆಯುರ್ವೇದವೂ ಇದೇ ದಿಕ್ಕನ್ನು ತೋರುತ್ತದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯ ಮದಾತ್ಯಯಕ್ಕೇ ಮೀಸಲು. ಮದ್ಯದ ಹತ್ತು ಗುಣಗಳು ಓಜಸ್ಸಿನ ಹತ್ತು ಗುಣಗಳಿಗೆ ವಿರುದ್ಧವೆಂದು ಅಲ್ಲಿ ಹೇಳಿದೆ. ಓಜಸ್ಸು ಮತ್ತು ಇಂದಿನವರು ಹೇಳುವ ರೋಗನಿರೋಧಕ ಶಕ್ತಿ ಎರಡೂ ಒಂದೇ ಎಂದು ನಾವು ವಾದಿಸುವುದಿಲ್ಲ. ಆದರೆ ದೇಹದ ಬಲ ಮೊದಲೇ ಕುಂದಿದವನಿಗೆ ಮದ್ಯವು ಇತರರಿಗಿಂತ ಹೆಚ್ಚು ಘಾತಕ ಎಂಬುದರಲ್ಲಿ ಎರಡೂ ಪದ್ಧತಿಗಳಿಗೆ ಭಿನ್ನಾಭಿಪ್ರಾಯವಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಕೇಡು ಮಾಡುವುದು ಒಂದು ತಪ್ಪು ತಿಳಿವಳಿಕೆ. “ಕುಡಿದ ದಿನ ಮಾತ್ರೆ ನುಂಗಬಾರದು, ನುಂಗಿದರೆ ವಿಷವಾಗುತ್ತದೆ” ಎಂದು ಅನೇಕರು ನಂಬಿದ್ದಾರೆ. ಕುಡಿತ ಬಿಡಿಸುವ ಸದುದ್ದೇಶದಿಂದ ಮನೆಯವರೂ ಹೀಗೆ ಹೆದರಿಸುವುದುಂಟು. ಪರಿಣಾಮವೇನೆಂದರೆ, ಅವನು ಕುಡಿತವನ್ನು ಬಿಡುವುದಿಲ್ಲ, ಮಾತ್ರೆಯನ್ನು ಬಿಡುತ್ತಾನೆ. ಕೊನೆಕೊಯ್ಲಿನ ಕಾಲದಲ್ಲಿ ಕೈಯಲ್ಲಿ ಕೂಲಿಯ ಹಣ ಓಡಾಡುವಾಗ, ಜಾತ್ರೆ, ಮದುವೆ, ಹಬ್ಬಗಳಲ್ಲಿ, ಹೀಗೆ ಬಿಟ್ಟ ದಿನಗಳು ವಾರಗಳಾಗುತ್ತವೆ. ಆದ್ದರಿಂದ ನಾವು ಸ್ಪಷ್ಟವಾಗಿ ಹೇಳುತ್ತೇವೆ: ಕುಡಿದಿದ್ದರೂ ಅಂದಿನ ಮಾತ್ರೆ ತಪ್ಪಕೂಡದು. ಸಂಜೆ ಕುಡಿಯುವ ಅಭ್ಯಾಸ ಇನ್ನೂ ಬಿಟ್ಟಿಲ್ಲವಾದರೆ ಎ.ಆರ್.ಟಿ. ಕೇಂದ್ರದ ವೈದ್ಯರನ್ನು ಕೇಳಿ ಮಾತ್ರೆಯ ವೇಳೆಯನ್ನು ಬೆಳಿಗ್ಗೆಗೆ ಬದಲಿಸಿಕೊಳ್ಳಬೇಕು. ಈ ಮಾತು ಕುಡಿತಕ್ಕೆ ಅನುಮತಿಯಲ್ಲ. ಕುಡಿತ ಬಿಡುವ ದಿನದವರೆಗೆ ಅವನು ಬದುಕಿರಬೇಕಲ್ಲ!

ಇನ್ನು ಕುಡಿತ ಬಿಡಿಸುವ ರೀತಿ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ದವಸ ಧಾನ್ಯಕ್ಕೆ ಬದಲಾಗಿ ದುಶ್ಚಟಗಳನ್ನು ಭಿಕ್ಷೆ ಬೇಡಿದ್ದು ನಾಡಿಗೇ ತಿಳಿದ ಸಂಗತಿ. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಗುರುಸನ್ನಿಧಿಯಲ್ಲಿ ಕೊಟ್ಟ ಮಾತಿಗಿರುವ ಬಲವನ್ನು ಯಾವ ಔಷಧವೂ ಕೊಡಲಾರದು. ಆದರೆ ಪ್ರತಿಜ್ಞೆಯ ಮರುದಿನದ ಬಗೆಗೆ ನಾವು ಎಚ್ಚರವಾಗಿರಬೇಕು. ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾನಾಶ ತೊಡಗುತ್ತವೆ. ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂತಹ ಸೆಳೆತ, ಎರಡರಿಂದ ನಾಲ್ಕನೆಯ ದಿನದೊಳಗೆ ಭ್ರಮೆ, ಪ್ರಲಾಪ ಕಾಣಿಸಬಹುದು. ಇದು ಪ್ರಾಣಾಂತಿಕವೂ ಆಗಬಲ್ಲದು. ಇದನ್ನು ದೆವ್ವದ ಕಾಟವೆಂದೋ, ಮನಸ್ಸಿನ ದೌರ್ಬಲ್ಯವೆಂದೋ ತಿಳಿಯಬಾರದು. ಅಂಥವನು ವೈದ್ಯರ ಕಣ್ಣಳತೆಯಲ್ಲಿಯೇ, ಬಿ1 ಜೀವಸತ್ವ ಮತ್ತು ತಕ್ಕ ಔಷಧಗಳೊಡನೆ, ಮದ್ಯ ನಿಲ್ಲಿಸಬೇಕು. ಸರಕಾರಿ ಆಸ್ಪತ್ರೆಗಳಲ್ಲದೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಕೂಡ ನಮ್ಮ ಸೀಮೆಗೆ ದೂರವಲ್ಲ.

ಅಷ್ಟು ತೀವ್ರ ಅವಲಂಬನೆ ಇಲ್ಲದವರಿಗೆ ಚರಕಾಚಾರ್ಯರು ಸೂತ್ರಸ್ಥಾನದಲ್ಲಿ ಹೇಳಿದ ಪಾದಾಂಶಿಕ ಕ್ರಮ ಹೊಂದುತ್ತದೆ. ರೂಢಿಯಾದ ಅಹಿತವನ್ನು ಕಾಲುಭಾಗದಷ್ಟು ಬಿಡುತ್ತ, ಆ ಜಾಗಕ್ಕೆ ಹಿತವಾದುದನ್ನು ಅಷ್ಟೇ ಕ್ರಮದಲ್ಲಿ ತರಬೇಕೆಂಬುದು ಅದರ ಸಾರ. ಆದ್ದರಿಂದ ನಮ್ಮ ಅಭಿಪ್ರಾಯವಿದು: ಪೂರ್ಣ ಬಿಟ್ಟವನನ್ನು ಮಾತ್ರ ಹೊಗಳಿ, ತಗ್ಗಿಸಿದವನನ್ನು ತೆಗಳುವುದು ಸರಿಯಲ್ಲ. ಗುರಿ ಪೂರ್ಣ ವರ್ಜನೆಯೇ. ಯಕೃತ್ತು ಕೆಟ್ಟವನಿಗೆ ಬೇರೆ ದಾರಿಯೂ ಇಲ್ಲ. ಆದರೆ ವಾರದ ಏಳು ದಿನ ಕುಡಿಯುತ್ತಿದ್ದವನು ಎರಡು ದಿನಕ್ಕೆ ಇಳಿದು ಮಾತ್ರೆಯನ್ನು ಒಂದು ದಿನವೂ ತಪ್ಪಿಸದಿದ್ದರೆ ಅದು ನಿಜವಾದ ಸಾಧನೆ. ವ್ರತ ಮುರಿದವನನ್ನು ಮಠದ ಬಾಗಿಲಿನಿಂದ ತಿರುಗಿಸಿದರೆ ಅವನಿಗೆ ಉಳಿಯುವುದು ಅಂಗಡಿಯ ಬಾಗಿಲೊಂದೇ.

ಇದು ಕೇವಲ ಕರುಣೆಯ ಮಾತಲ್ಲ. ನೆರೆಯ ಗೋವೆಯ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾನಿಕರವಾಗಿ ಕುಡಿಯುತ್ತಿದ್ದ 377 ಗಂಡಸರ ಮೇಲೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಒಂದರಿಂದ ನಾಲ್ಕು ಬಾರಿ ಕುಳಿತು ಮಾತನಾಡಿದ್ದರು. ಮೂರು ತಿಂಗಳ ಬಳಿಕ ವಿಚಾರಿಸಿದಾಗ ಹಿಂದಿನ 14 ದಿನಗಳಲ್ಲಿ ಒಂದು ಹನಿಯೂ ಮುಟ್ಟದವರು ಆ ಗುಂಪಿನಲ್ಲಿ ಶೇಕಡಾ 42. ಅಂಥ ಸಲಹೆ ಸಿಗದವರಲ್ಲಿ ಶೇಕಡಾ 18. ಅವರು ಎಚ್.ಐ.ವಿ. ಸೋಂಕಿತರೆಂದು ಆಯ್ಕೆಯಾದವರಲ್ಲ, ಸಾಮಾನ್ಯ ರೋಗಿಗಳು; ಕುಡಿಯುವುದನ್ನು ಮುಂದುವರಿಸಿದವರ ಕುಡಿತದ ಪ್ರಮಾಣದಲ್ಲಿ ಹೆಚ್ಚು ವ್ಯತ್ಯಾಸವೂ ಕಾಣಲಿಲ್ಲ. ಆದರೂ ತಾಳ್ಮೆಯಿಂದ ಕೇಳುವ ಕಿವಿಗೆ ಎಷ್ಟು ಶಕ್ತಿಯಿದೆಯೆಂಬುದು ಇದರಿಂದ ತಿಳಿಯುತ್ತದೆ. ಇತ್ತ ದಕ್ಷಿಣ ಭಾರತದ ಎಚ್.ಐ.ವಿ. ರೋಗಿಗಳಿಗೆ ಮೊಬೈಲಿನ ಮೂಲಕ ಮಾತ್ರೆಯ ನೆನಪು ಮಾಡಿದ ಇನ್ನೊಂದು ಅಧ್ಯಯನದಲ್ಲಿ, 2014ರ ವರದಿಯಂತೆ, ಗಮನಾರ್ಹ ಲಾಭ ಕಾಣಲಿಲ್ಲ. ಯಂತ್ರದ ಕರೆ ನೆನಪು ಮಾಡಬಲ್ಲದು, ಕಷ್ಟಸುಖ ಕೇಳಲಾರದು.

ನಮ್ಮ ಪದ್ಧತಿಯನ್ನು ನಂಬಿದವರಿಗೆ ಕೆಲವು ಎಚ್ಚರಿಕೆಗಳು. ಎಚ್.ಐ.ವಿ.ಯನ್ನು ಬುಡಸಹಿತ ಕೀಳುತ್ತೇವೆಂದು ಹೇಳಿ ಎ.ಆರ್.ಟಿ. ಬಿಡಿಸುವವರು ಯಾರೇ ಇರಲಿ, ಅವರನ್ನು ನಂಬಬೇಡಿರಿ. ಆಸವ, ಅರಿಷ್ಟಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಶೇಕಡಾ 12ರವರೆಗೂ ಇರಬಹುದು; ಕುಡಿತ ಬಿಡುತ್ತಿರುವವನಿಗೆ ಅವು ಬೇಡ, ಕಷಾಯ ಅಥವಾ ಚೂರ್ಣ ಸಾಕು. ಲೋಹ ಭಸ್ಮ, ಮಂಡೂರ ಭಸ್ಮ, ಶಂಖ ಭಸ್ಮಗಳಲ್ಲಿರುವ ಕಬ್ಬಿಣ, ಸುಣ್ಣದಂಶಗಳು ಎ.ಆರ್.ಟಿ. ಮಾತ್ರೆಯಲ್ಲಿರುವ ಡೊಲುಟೆಗ್ರಾವಿರ್ ರಕ್ತಕ್ಕೆ ಸೇರದಂತೆ ತಡೆಯಬಲ್ಲವು. ಮಾತ್ರೆ ನುಂಗಿ ಎರಡು ಗಂಟೆಯ ಮೇಲೆಯೇ ಇಂಥವನ್ನು ಸೇವಿಸಬೇಕು, ಅದೂ ಎರಡೂ ಕಡೆಯ ವೈದ್ಯರಿಗೆ ತಿಳಿಸಿ.

ಕೊನೆಯದಾಗಿ ಗುಟ್ಟಿನ ವಿಚಾರ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿತರ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನೂ, ಅವರನ್ನು ಬೇರೆಯಾಗಿ ಕಾಣುವುದನ್ನೂ ಅದು ನಿಷೇಧಿಸಿದೆ. ವೇದಿಕೆಗೆ ಕರೆದು ಪ್ರತಿಜ್ಞೆ ಮಾಡಿಸುವ ಪದ್ಧತಿ ಎಲ್ಲರಿಗೂ ಒಗ್ಗದು. ಏಕಾಂತದಲ್ಲಿ ಮಾತು ಕೊಡುವ ಅವಕಾಶ ಮಠದಲ್ಲಿರಲಿ. ಗುಟ್ಟು ಕಾಯಬಲ್ಲ ನಾಲ್ಕೈದು ಹಿರಿಯರಿಗೆ ಆಪ್ತಸಲಹೆಯ ತರಬೇತಿ ದೊರೆಯಲಿ. ಅವರು ವಾರಕ್ಕೊಮ್ಮೆ ಅವನೊಡನೆ ಕುಳಿತು “ಮಾತ್ರೆ ಆಯಿತೇ, ಊಟ ಆಯಿತೇ” ಎಂದು ವಿಚಾರಿಸಲಿ. ಅವನ ಮನೆಯಾಕೆಯನ್ನೂ ಮರೆಯದಿರಲಿ. ಅವಳ ತಪಾಸಣೆ, ಅವಳ ಆರೈಕೆ ಅಷ್ಟೇ ಮುಖ್ಯ. ಉಚಿತ ಸಲಹೆಗೆ 1097, ವ್ಯಸನಮುಕ್ತಿಗೆ 14446, ಮನಸ್ಸಿನ ತಳಮಳಕ್ಕೆ 14416 ದೂರವಾಣಿಗಳಿವೆ.

ಅನ್ನ ಕೊಡುವುದು ದಾಸೋಹ. ಸೋತು ಬಂದವನ ಮಾತನ್ನು ತೀರ್ಪು ಕೊಡದೆ ಕೇಳುವುದೂ ದಾಸೋಹವೇ ಎಂದು ನಾವು ನಂಬಿದ್ದೇವೆ. ಸದ್ಭಕ್ತರು ಇದನ್ನು ಮನಗಾಣಬೇಕೆಂದು ಪ್ರಾರ್ಥಿಸುತ್ತೇವೆ.