ಹಾರ-ಶಾಲು ಸಾಕು, ಮರಳುವ ದಾರಿ ಹೇಳಿಕೊಡಿ

ಪರದೇಶಕ್ಕೆ ಓದಲು ಹೊರಟ ಮಕ್ಕಳಿಗೆ ನಮ್ಮ ಮಹಾನಗರಗಳ ಕನ್ನಡ ಸಂಘಗಳು ಏರ್ಪಡಿಸುವ ಬೀಳ್ಕೊಡುಗೆ ಸಮಾರಂಭಗಳಿಗೆ ಒಂದು ಸಿದ್ಧರೂಪವೇ ಬಂದುಬಿಟ್ಟಿದೆ. ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ನಾಡಿಗೆ ಕೀರ್ತಿ ತನ್ನಿರೆಂಬ ಅಧ್ಯಕ್ಷರ ಹಿತವಚನ, ಉಪಾಹಾರ, ವಂದನಾರ್ಪಣೆ. ಕೀರ್ತಿ ತರಲಿ, ಸಂತೋಷವೇ. ಆದರೆ ಅಲ್ಲಿ ಯುದ್ಧವೋ ಗಲಭೆಯೋ ಎದ್ದಾಗ ಆ ಮಕ್ಕಳು ಏನು ಮಾಡಬೇಕೆಂದು ಹೇಳಿಕೊಡುವವರು ಯಾರು? ಈ ಪ್ರಶ್ನೆಯನ್ನು ನಾವು ಕೇಳಲೇಬೇಕಾಗಿದೆ.

2022ರ ಉಕ್ರೇನ್ ಪ್ರಸಂಗವನ್ನೇ ನೋಡೋಣ. ಫೆಬ್ರವರಿ 15ರಂದು ಕೀವ್‌ನ ಭಾರತೀಯ ರಾಯಭಾರ ಕಚೇರಿ, ಅನಿವಾರ್ಯವಲ್ಲದವರು ತಾತ್ಕಾಲಿಕವಾಗಿ ದೇಶ ಬಿಡುವುದನ್ನು ಪರಿಶೀಲಿಸಬಹುದೆಂದು ಸೂಚಿಸಿತು. 20ರಂದು ವಿದ್ಯಾರ್ಥಿಗಳೆಲ್ಲರೂ ಹೊರಡಬೇಕೆಂದು ಸಲಹೆ ಮಾಡಿತು. 22ರಂದು, ವಿಶ್ವವಿದ್ಯಾಲಯಗಳು ಆನ್‌ಲೈನ್ ತರಗತಿಗಳನ್ನು ಖಚಿತಪಡಿಸುವವರೆಗೆ ಕಾಯದೆ ಹೊರಡಿರೆಂದು ಮತ್ತೊಮ್ಮೆ ಹೇಳಿತು. 24ರಂದು ಯುದ್ಧ ಆರಂಭವಾಯಿತು, ವಿಮಾನಮಾರ್ಗ ಮುಚ್ಚಿಹೋಯಿತು. ಮಾರ್ಚ್ 1ರಂದು ಖಾರ್ಕೀವ್‌ನಲ್ಲಿ ನಡೆದ ದಾಳಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಅಸುನೀಗಿದ.

ಇದನ್ನು ಮಕ್ಕಳ ಮೇಲಿನ ಆರೋಪವೆಂದು ಯಾರೂ ತಿಳಿಯಬಾರದು. ಮೊದಲ ಸೂಚನೆಯ ಭಾಷೆಯೇ ಮೆತ್ತಗಿತ್ತು. ಹಾಜರಿ ತಪ್ಪೀತೆಂಬ ಭಯವಿತ್ತು, ವಿಮಾನದರ ಏರಿತ್ತು. ಸರ್ಕಾರ ‘ಹೊರಡಿ’ ಎನ್ನುವುದಾದರೆ ಸ್ಪಷ್ಟವಾಗಿ ಹೊರಡಿ ಎನ್ನಬೇಕು. ಆದರೆ ನಮ್ಮ ಮುಖ್ಯ ಆಕ್ಷೇಪ ಮನೆಯವರ ಮೇಲೆ. ಬ್ಯಾಂಕಿನ ಸಾಲಕ್ಕೆ ಆರು ತಿಂಗಳು ಅಲೆಯುವ ತಂದೆತಾಯಂದಿರು, ಮರಳಿ ಬರುವ ನಿರ್ಧಾರ ಯಾರದೆಂದು ಅರ್ಧ ಗಂಟೆ ಕುಳಿತು ಮಾತಾಡಿರುತ್ತಾರೆಯೇ? ಇಲ್ಲಿ ಅಪ್ಪ ‘ಇನ್ನೆರಡು ದಿನ ನೋಡೋಣ’ ಎನ್ನುತ್ತಾರೆ. ಅಲ್ಲಿ ಮಗ ‘ಕಾಲೇಜಿನವರು ಹೇಳಲಿ’ ಎನ್ನುತ್ತಾನೆ. ಇಬ್ಬರೂ ಕಾಯುತ್ತಾರೆ.

ಲಕ್ಷಗಟ್ಟಲೆ ಹಣ ಸುರಿದ ಮೇಲೆ ಬಿಟ್ಟು ಬಾ ಎನ್ನುವುದು ಸುಲಭವೇ ಎಂದು ಕೇಳುವವರುಂಟು. ಸುಲಭವಲ್ಲ. ಆದರೂ ಕೆಟ್ಟ ಓದಿಗೆ ಪರಿಹಾರವುಂಟು. ಉಕ್ರೇನಿನಿಂದ ಬಂದವರು ಬೇರೆ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮುಂದುವರಿಸಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರಿನಲ್ಲಿ ಒಪ್ಪಿಗೆಯಿತ್ತಿತು. ಹೋದ ಜೀವಕ್ಕೆ ಯಾವ ಆಯೋಗ ಒಪ್ಪಿಗೆ ಕೊಟ್ಟೀತು?

ಇನ್ನು ಕೆಲವರು, ಕಷ್ಟ ಬಂದರೆ ಸರ್ಕಾರ ವಿಮಾನ ಕಳಿಸುತ್ತದೆ ಎಂದು ನೆಮ್ಮದಿಯಾಗಿರುತ್ತಾರೆ. ಕಳಿಸಿತು, ನಿಜ. ‘ಆಪರೇಷನ್ ಗಂಗಾ’ದ ಮೊದಲ ವಿಮಾನ 219 ಜನರನ್ನು ಹೊತ್ತು ಫೆಬ್ರವರಿ 26ರಂದು ನಮ್ಮ ಮುಂಬಯಿಯಲ್ಲೇ ಇಳಿಯಿತು. ಆದರೆ ಅದು ಹೊರಟದ್ದು ರುಮೇನಿಯಾದ ಬುಖಾರೆಸ್ಟ್‌ನಿಂದ. ಖಾರ್ಕೀವ್‌ನಲ್ಲಿದ್ದ ಮಕ್ಕಳು ಪಶ್ಚಿಮದ ಗಡಿ ಮುಟ್ಟಲು ಸುಮಾರು 1,000 ಕಿಲೋಮೀಟರ್ ದಾಟಬೇಕಿತ್ತು. ಆ ದಾರಿಯಲ್ಲಿ ಯಾವ ವಿಮಾನವೂ ಇರಲಿಲ್ಲ.

ಹೊರಡುವುದೇ ಸದಾ ಸರಿಯೆಂದೂ ಅಲ್ಲ. 2024ರ ಮೇ ತಿಂಗಳಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ವಿದೇಶೀ ವಿದ್ಯಾರ್ಥಿಗಳಿದ್ದ ಹಾಸ್ಟೆಲುಗಳ ಮೇಲೆ ಗುಂಪು ದಾಳಿ ನಡೆದಾಗ ರಾಯಭಾರ ಕಚೇರಿ ಹೇಳಿದ್ದು, ಒಳಗೇ ಇರಿ ಎಂದು. ಹೊರಡಬೇಕೋ ಒಳಗಿರಬೇಕೋ ಎಂಬುದನ್ನು ವಾಟ್ಸಾಪಿನ ವದಂತಿಯಿಂದ ತಿಳಿಯಲಾಗದು. ಸೀಟು ಕೊಡಿಸಿದ ಏಜೆಂಟನೂ ಆಗ ಪೋಷಕನಾಗುವುದಿಲ್ಲ. ಅವನ ವ್ಯವಹಾರ ಪ್ರವೇಶದೊಂದಿಗೆ ಮುಗಿದಿರುತ್ತದೆ.

ಆದ್ದರಿಂದ ನಮ್ಮ ಒತ್ತಾಯ ಇಷ್ಟೇ. ತಲುಪಿದ ವಾರದೊಳಗೆ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಪಾಸ್‌ಪೋರ್ಟನ್ನು ಏಜೆಂಟನ ಕೈಗೆ ಒಪ್ಪಿಸಕೂಡದು. ಮರುಪ್ರಯಾಣದ ಹಣವನ್ನು ಬೇರೆಯಾಗಿಟ್ಟು, ಅದನ್ನು ಇನ್ನಾವುದಕ್ಕೂ ಮುಟ್ಟಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹೊರಡುವ ಮುನ್ನ ತಂದೆತಾಯಿ ಮಗನಿಗೋ ಮಗಳಿಗೋ ಬಾಯಿಬಿಟ್ಟು ಹೇಳಬೇಕು: ‘ಎಚ್ಚರಿಕೆ ಬಂದರೆ ನಮ್ಮನ್ನು ಕೇಳಲು ಕಾಯಬೇಡ, ಬಂದುಬಿಡು, ಹಣ ಹೋದರೆ ಹೋಗಲಿ.’

ಸಂಘಗಳು ಪ್ರತಿವರ್ಷ ಜುಲೈನಲ್ಲಿ ಒಂದು ಸಂಜೆಯನ್ನು ಇದಕ್ಕೆ ಮೀಸಲಿಡಲಿ. ಅಲ್ಲಿದ್ದು ಬಂದವರನ್ನು ಕರೆಸಿ ಮಾತಾಡಿಸಲಿ. ತಂದೆತಾಯಂದಿರನ್ನೂ ಮಕ್ಕಳ ಪಕ್ಕದಲ್ಲೇ ಕೂರಿಸಲಿ. ಹಾರ-ಶಾಲಿನ ಖರ್ಚಿಗಿಂತ ಇದಕ್ಕೆ ಹೆಚ್ಚೇನೂ ಬೇಕಾಗದು. ಬರುವ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲೆಂದು ನಾವು ಆಗ್ರಹಪಡಿಸುತ್ತೇವೆ.