ಪಾಸ್ಕದ ತತ್ತಿಗೆ ಉಳ್ಳಾಗಡ್ಡಿ ಸಿಪ್ಪೆ ಸಾಕು

ಈಸ್ಟರ್ ಹತ್ತಿರ ಬಂದರೆ ಮೊಬೈಲ್ ತುಂಬ ಚಾಕೊಲೇಟ್ ತತ್ತಿ, ಬಣ್ಣದ ಕಿಟ್‌ಗಳ ಜಾಹೀರಾತು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ನಮ್ಮ ಮಕ್ಕಳಿಗೆ ಅವು ಬೇಕಿಲ್ಲ ಅನ್ನುತ್ತೇವೆ ನಾವು. ಎರಡು ಹಿಡಿ ಉಳ್ಳಾಗಡ್ಡಿ ಸಿಪ್ಪೆ, ಒಂದು ಚಮಚ ವಿನೆಗರ್ ಹಾಕಿದ ನೀರಲ್ಲಿ ತತ್ತಿಯನ್ನು 10-12 ನಿಮಿಷ ಕುದಿಸಿ, ಅದೇ ನೀರಲ್ಲಿ ಆರಲು ಬಿಡಿ. ಕೆಂಗಂದು ಬಣ್ಣ ಹಿಡಿಯುತ್ತದೆ. ಕುದಿಸುವ ಮುಂಚೆ ಕೊತ್ತಂಬರಿ ಎಲೆ ಅಂಟಿಸಿ ಹಳೇ ತೆಳು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದರೆ ಎಲೆಯ ಅಚ್ಚೂ ಮೂಡುತ್ತದೆ. ಒಲೆಯ ಕೆಲಸ ದೊಡ್ಡವರದು, ಗಂಟು ಬಿಚ್ಚುವುದು ಮಕ್ಕಳದು.

ನಮ್ಮ ದೊಡ್ಡ ಒತ್ತಾಯ ಮಾತ್ರ ಕೌದಿಯದು. ಹಳಿಯಾಳ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ಹಳೇ ಸೀರೆ, ಅಂಗಿ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಕ್ರೈಸ್ತರ ಮನೆಯ ಕೌದಿಯಲ್ಲಿ ಶಿಲುಬೆ, ಮುಸ್ಲಿಮರ ಮನೆಯದರಲ್ಲಿ ಅರ್ಧಚಂದ್ರ ಕಾಣುವುದುಂಟು. ಮೂಲೆಗಳಲ್ಲಿ ಬಟ್ಟೆ ಮಡಚಿ ಹೊಲಿದ 'ಫುಲಾ' ಇರಲೇಬೇಕು, ಇಲ್ಲದಿದ್ದರೆ ಕೌದಿ ಬತ್ತಲೆಯಂತೆ! ಇವನ್ನು ಅಮೆರಿಕದಲ್ಲಿ ಪ್ರದರ್ಶನಕ್ಕಿಟ್ಟು ಜನ ನೋಡಿದ್ದಾರೆ. ಇಲ್ಲಿ ಅಜ್ಜಿ ಹೊಲಿಯುತ್ತಿದ್ದರೆ ಪಕ್ಕದಲ್ಲೇ ಮೊಮ್ಮಗ ರೀಲ್ಸ್ ನೋಡುತ್ತಿರುತ್ತಾನೆ.

ಏಪ್ರಿಲ್ ರಜೆಯಲ್ಲಿ ಅವನ ಕೈಗೂ ಅಂಗೈಯಗಲದ ನಾಲ್ಕು ತುಂಡು, ಒಂದು ಸೂಜಿ-ದಾರ ಕೊಡಿ. ಬಣ್ಣದ ತತ್ತಿ ಇಡಲು ಸಣ್ಣ ಹಾಸು ಹೊಲಿಯಲಿ. ಹೊಲಿಗೆ ಸೊಟ್ಟಗಾಯಿತೆಂದು ಬಿಚ್ಚಿಸಬೇಡಿ.