ಹಳೇ ಪ್ರೋಗ್ರಾಂ, ಹೊಸ ಲೇತ್, ನಡುವೆ ಒಂದು ಚುಕ್ಕಿ

(1/4)
ಹಬ್ಬಕ್ಕೆ ಮೋಕಕ್ಕೆ ಬಂದಿದ್ದ ನಮ್ಮ ದೊಡ್ಡಪ್ಪನ ಮಗನ ಮೊಬೈಲಲ್ಲಿ ಮುರಿದ ಟೂಲ್‌ದೊಂದು ಫೋಟೋ ಇತ್ತು. "ಒಂದು ಚುಕ್ಕಿ ಇಲ್ಲದ್ದಕ್ಕೆ ಹಿಂಗಾಯ್ತು" ಅಂದ. ಅಣ್ಣ ಐಟಿಐ ಮುಗಿಸಿ ಪೀಣ್ಯದಲ್ಲಿ ಸಿಎನ್‌ಸಿ ಲೇತ್ ಆಪರೇಟರ್. ನಮ್ಮ ಕಡೆ ಐಟಿಐ ಹುಡುಗರು ಒಂದೋ ತೋರಣಗಲ್ಲು, ಇಲ್ಲಾ ಪೀಣ್ಯ, ಗೊತ್ತಲ್ಲ. ನಾನು ಬಿಕಾಂ. ನನಗೆ ಲೇತ್ ಅಂದ್ರೆ ಟ್ರ್ಯಾಕ್ಟರ್ ರಿಪೇರಿ ಅಂಗಡಿಯಲ್ಲಿ ಕೈಯಲ್ಲಿ ಹ್ಯಾಂಡಲ್ ತಿರುಗಿಸೋದು, ಅಷ್ಟೇ. ಎರಡು ಸಂಜೆ ಅವನ ಜೊತೆ ಕೂತು ಕೇಳಿದ ಮೇಲೆ ನಂದೂ ಒಂದು ಅಭಿಪ್ರಾಯ ಆಯ್ತು. ಕಾಮರ್ಸ್‌ನವರು ಬಿಟ್ಟು ಹೋಗ್ಬೇಡಿ, ನಾಲ್ಕನೇದು ನಿಮಗೇ.

(2/4)
ಅವರ ಶೆಡ್‌ಗೆ ಹೊಸ ಲೇತ್ ಬಂತು. ಹಳೇದ್ರದ್ದೂ ಹೊಸದ್ರದ್ದೂ ಕಂಟ್ರೋಲ್ ಒಂದೇ ಕಂಪನಿದು. "ಅದೇ ಪ್ರೋಗ್ರಾಂ ಹಾಕಿ ಓಡ್ಸು" ಅಂದ್ರು.

ನಮ್ಮಲ್ಲಿ ಬಹಳ ಕಡೆ ಇರೋ ಫಾನುಕ್ ಕಂಟ್ರೋಲನ್ನೇ ಉದಾಹರಣೆ ತಗೊಳ್ಳಿ. ಲೇತ್‌ನಲ್ಲಿ ಎಕ್ಸ್ ಅಂದ್ರೆ ಜಾಬ್‌ನ ವ್ಯಾಸ, ಜೆಡ್ ಅಂದ್ರೆ ಉದ್ದ. ಎಕ್ಸ್ 52 ಅಂತ ಚುಕ್ಕಿ ಇಲ್ಲದೆ ಬರೆದ್ರೆ ಒಂದು ಸೆಟ್ಟಿಂಗ್‌ನಲ್ಲಿ ಅದು 52 ಮಿಲಿಮೀಟರ್, ಇನ್ನೊಂದರಲ್ಲಿ 52 ಮೈಕ್ರಾನ್, ಅಂದ್ರೆ 0.052 ಮಿಲಿಮೀಟರ್. 0ಐ ಸರಣಿಯಲ್ಲಿ ಇದನ್ನ ನಿರ್ಧರಿಸೋದು 3401ನೇ ಪ್ಯಾರಾಮೀಟರ್‌ನ ಒಂದು ಬಿಟ್. ಎರಡೂ ಸರಿಯಾದ ಸೆಟ್ಟಿಂಗೇ. ಆದ್ರೆ 50 ಮಿಲಿಮೀಟರ್ ರಾಡ್‌ನ ಹೊರಗೆ ನಿಲ್ಬೇಕಿದ್ದ ಟೂಲು ಫುಲ್ ಸ್ಪೀಡಲ್ಲಿ ರಾಡ್‌ನ ನಡುಮಧ್ಯಕ್ಕೇ ನುಗ್ಗಿದ್ರೆ? ಅದೇ ಆಗಿದ್ದು.

(3/4)
ಅಣ್ಣ ಹೇಳಿದ್ದರಲ್ಲಿ ತಲೇಲಿ ಕೂತಿದ್ದು ಇದು: ಅಲಾರಂ ಬಂದ್ರೆ ಅದೃಷ್ಟ, ಬರದೇ ಓಡಿದ್ರೆ ಭಯ. ಜಿ71 ರಫಿಂಗ್ ಸೈಕಲ್ ಹಳೇ ಕೆಲವು ಕಂಟ್ರೋಲ್‌ಗಳಲ್ಲಿ ಒಂದೇ ಸಾಲು, ಕಟ್‌ನ ಆಳ ಡಿ ಅಕ್ಷರದಲ್ಲಿ. ಈಗ ಸಾಮಾನ್ಯವಾಗಿ ಎರಡು ಸಾಲು, ಆಳ ಯು ಅಕ್ಷರದಲ್ಲಿ. ಹಳೇದನ್ನ ಹಂಗೇ ಹಾಕಿದ್ರೆ ಮಿಷನ್ ನಿಂತು ಬಯ್ಯುತ್ತೆ. ಬಯ್ಯಲಿ ಬಿಡಿ. ಆದ್ರೆ ಹಳೇ ಪ್ರೋಗ್ರಾಂ ತಲೆಯಲ್ಲಿರೋ ಜಿ50 ಎಕ್ಸ್ ಜೆಡ್ ಸಾಲು, ಟೂಲ್ ಆಫ್‌ಸೆಟ್‌ನಿಂದ ಸೊನ್ನೆ ಹಿಡಿಯೋ ಹೊಸ ಮಿಷನ್‌ನಲ್ಲಿ ಸುಮ್ನೆ ಸೊನ್ನೆ ಬಿಂದುವನ್ನೇ ಸರಿಸಿಬಿಡುತ್ತೆ. ಒಂದು ಮಾತೂ ಆಡಲ್ಲ.

"ಪ್ಯಾರಾಮೀಟರ್ ಬದಲಿಸಿ, ಮುಗೀತು" ಅನ್ನೋರು ಇದ್ದಾರೆ. ನಾನು ಒಪ್ಪಲ್ಲ. ಅದು ಇಡೀ ಮಿಷನ್‌ಗೆ ಅನ್ವಯ. ನಾಳೆ ಬೇರೆ ರೀತಿ ಕಲಿತ ಹುಡುಗ ನೈಟ್ ಶಿಫ್ಟ್‌ಗೆ ಬಂದ್ರೆ ಅವನ ಪ್ರೋಗ್ರಾಂ ತಿರುಗಿಬೀಳುತ್ತೆ. ಅಳತೆಗೆ ಚುಕ್ಕಿ ಹಾಕಿದ್ರೆ ಎರಡೂ ಸೆಟ್ಟಿಂಗ್ ಒಂದೇ ತರ ಓದ್ತಾವೆ. ಹಂಗಂತ ಕಂಪ್ಯೂಟರಲ್ಲಿ ಕಣ್ಮುಚ್ಚಿ ಎಲ್ಲಾ ಕಡೆ ಚುಕ್ಕಿ ತುಂಬೋ ಹಂಗಿಲ್ಲ, ಜಿ76 ಥ್ರೆಡ್ ಸೈಕಲ್‌ನ ಪಿ, ಕ್ಯೂಗೆ ಚುಕ್ಕಿ ನಡಿಯಲ್ಲ. ಮನುಷ್ಯನೇ ಕೂತು ಸಾಲು ಸಾಲು ಓದ್ಬೇಕು. ಆಮೇಲೆ ಜಾಬ್‌ನಿಂದ ದೂರ ಗಾಳಿಯಲ್ಲಿ, ಸಿಂಗಲ್ ಬ್ಲಾಕ್‌ನಲ್ಲಿ ಓಡಿಸಿ ನೋಡ್ಬೇಕು.

(4/4)
ಈಗ ನಮ್ಮ ಸಬ್ಜೆಕ್ಟ್. ಎಎಸ್ 10 ಪ್ರಕಾರ ಸಾಗಣೆ, ಅಳವಡಿಕೆ, ಟೆಸ್ಟಿಂಗ್ ಎಲ್ಲಾ ಮಿಷನ್ ಬೆಲೆಗೆ ಸೇರಿಸ್ತೀವಿ. ಇನ್‌ಕಂ ಟ್ಯಾಕ್ಸ್‌ನಲ್ಲಿ 15% ಸವಕಳಿ ಬರೀತೀವಿ. ಹಳೇ ಪ್ರೋಗ್ರಾಂ ತಿದ್ದೋ ಗಂಟೆಗಳಿಗೆ ಮಾತ್ರ ಆ ಶೆಡ್‌ನ ಲೆಕ್ಕದಲ್ಲಿ ಒಂದು ಸಾಲೂ ಇರ್ಲಿಲ್ಲ. ಟೂಲು ಮುರಿದಾಗ ಸಾಲು ಸಿಕ್ತು: ಅಣ್ಣನ ಎರಡು ದಿನದ ಸಂಬಳ ಕಟ್. ಓಡ್ಸು ಅಂದೋರಿಗೆ ಏನೂ ಇಲ್ಲ.

ಮಿಷನ್ ಕೊಳ್ಳೋ ಬಜೆಟ್‌ನಲ್ಲೇ ಈ ಗಂಟೆಗಳನ್ನ ಬರೀಬೇಕು, ಪ್ರೊಡಕ್ಷನ್ ಶಿಫ್ಟ್‌ನಿಂದ ಕದಿಯೋದಲ್ಲ. ಬಜೆಟ್ ಟೈಪ್ ಮಾಡೋರು ನಾಳೆ ನಾವೇ ಅಲ್ವಾ?

ಅಣ್ಣ ವಾಪಸ್ ಹೋದ. ಹೋಗೋವಾಗ ನನ್ನದೊಂದು ಲಾಂಗ್ ನೋಟ್‌ಬುಕ್ ಎತ್ಕೊಂಡು ಹೋದ. ನಿನ್ನೆ ಮೆಸೇಜ್: 40ರಲ್ಲಿ 11 ಪ್ರೋಗ್ರಾಂ ಮುಗೀತು, ಡ್ಯೂಟಿ ಮುಗಿದ ಮೇಲೆ ಕೂತು ಮಾಡಿದ್ದಂತೆ. ಓಟಿ ಕೊಟ್ರಾ ಅಂತ ಕೇಳ್ದೆ. ನೀಲಿ ಟಿಕ್ ಬಂದೈತೆ, ಉತ್ತರ ಇಲ್ಲ.

#ಮೋಕ #ಬಳ್ಳಾರಿ #ಸಿಎನ್‌ಸಿ #ಬಿಕಾಂಹುಡುಗರು